ಪರಿಹಾರ ಆಸ್ಪತ್ರೆಯ ಲೆಕ್ಕಪತ್ರ: ಹಣಕಾಸು ಮತ್ತು ಆಡಳಿತ ಸಹಾಯಕರ ಕೆಲಸ

## ಏನಿದು?

ಯುದ್ಧ, ಭೂಕಂಪ, ಪ್ರವಾಹ ಅಥವಾ ಸಾಂಕ್ರಾಮಿಕ ರೋಗದಿಂದ ಒಂದು ಪ್ರದೇಶದ ಆರೋಗ್ಯ ವ್ಯವಸ್ಥೆ ಕುಸಿದಾಗ ಹೊರಗಿನ ಸಂಸ್ಥೆಗಳು ಅಲ್ಲಿಗೆ ಹೋಗಿ ಚಿಕಿತ್ಸೆಯ ಹೊಣೆ ಹೊರುತ್ತವೆ. ಇಂತಹ ಕಾರ್ಯಕ್ಕೆ ಮಾನವೀಯ ಆರೋಗ್ಯ ಯೋಜನೆ ಎಂದು ಹೆಸರು. ಪ್ಯಾರಿಸ್‌ನಲ್ಲಿ 1971ರಲ್ಲಿ ವೈದ್ಯರೂ ಪತ್ರಕರ್ತರೂ ಸೇರಿ ಕಟ್ಟಿದ, 1999ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಪಡೆದ ಎಂಎಸ್‌ಎಫ್, ಅಂದರೆ ಗಡಿಗಳಿಲ್ಲದ ವೈದ್ಯರ ಸಂಸ್ಥೆ, ಈ ಕ್ಷೇತ್ರದಲ್ಲಿ ಬಹಳ ಪರಿಚಿತವಾದ ಹೆಸರು. ರೆಡ್‌ಕ್ರಾಸ್ ಬಳಗದ ಸಂಸ್ಥೆಗಳು ಅದಕ್ಕಿಂತ ಹಳೆಯವು.

ಇಂತಹ ಆಸ್ಪತ್ರೆಯ ಚಿತ್ರಗಳಲ್ಲಿ ಕಾಣುವವರು ವೈದ್ಯರು, ದಾದಿಯರು, ರೋಗಿಗಳು. ಅದೇ ಆವರಣದ ಇನ್ನೊಂದು ಕೋಣೆಯಲ್ಲಿ ತಿಜೋರಿ, ನಗದು ಪುಸ್ತಕ, ವೋಚರುಗಳ ಕಡತ, ನೌಕರರ ಹಾಜರಿ ಪಟ್ಟಿ ಇರುತ್ತವೆ. ಅವನ್ನು ನೋಡಿಕೊಳ್ಳುವವರೇ ಹಣಕಾಸು ಮತ್ತು ಆಡಳಿತ ಸಹಾಯಕರು. ಹಣವನ್ನು ಪಡೆಯುವುದು, ಕಾಯುವುದು, ಪಾವತಿಸುವುದು, ಪ್ರತಿ ಪಾವತಿಗೂ ದಾಖಲೆ ಇಡುವುದು ಅವರ ಕೆಲಸದ ಒಂದು ಭಾಗ. ನೌಕರರ ನೇಮಕಪತ್ರ, ಸಂಬಳ, ರಜೆ, ವಿಮೆ, ಬಾಡಿಗೆ ಕಟ್ಟಡದ ಕರಾರು, ಪ್ರಯಾಣದ ಪರವಾನಗಿ ಮುಂತಾದವು ಇನ್ನೊಂದು ಭಾಗ. ಸಣ್ಣ ಯೋಜನೆಗಳಲ್ಲಿ ಇವೆರಡನ್ನೂ ಒಬ್ಬರೇ ಹೊರುತ್ತಾರೆ.

ಈ ಕೆಲಸವನ್ನು ಚಿಕಿತ್ಸೆಯ ಹೊರಗಿನ ಗುಮಾಸ್ತಗಿರಿ ಎಂದು ಎಣಿಸುವುದು ವಾಡಿಕೆ. ಈ ಎಣಿಕೆ ಎಷ್ಟು ತಪ್ಪೆಂಬುದಕ್ಕೆ ಪಶ್ಚಿಮ ಆಫ್ರಿಕಾದ ಎಬೋಲಾ ಪಿಡುಗು ಸ್ಪಷ್ಟವಾದ ಸಾಕ್ಷ್ಯ ಒದಗಿಸಿದೆ. ಆದ್ದರಿಂದ ಈ ಲೇಖನದ ಹೆಚ್ಚಿನ ಉದಾಹರಣೆಗಳು ಅಲ್ಲಿಯವೇ.

## ನಗದು ಪೆಟ್ಟಿಗೆ

ಆಸ್ಪತ್ರೆಯ ದಿನದ ಖರ್ಚು ಸಣ್ಣ ಸಣ್ಣ ಬಾಬ್ತುಗಳಲ್ಲಿ ಹರಿಯುತ್ತದೆ: ಜನರೇಟರಿಗೆ ಡೀಸೆಲ್, ರೋಗಿಗಳಿಗೆ ಅಕ್ಕಿ ಮತ್ತು ಸೌದೆ, ಬಿಡುಗಡೆಯಾದವರಿಗೆ ಊರಿಗೆ ಹೋಗಲು ಬಸ್ಸಿನ ಹಣ, ಬೇಲಿ ಕಟ್ಟಿದ ಕೂಲಿಯವರಿಗೆ ದಿನಗೂಲಿ. ಇವಕ್ಕೆಲ್ಲ ಬೇಕಾದದ್ದು ಕೈಯಲ್ಲಿರುವ ನಗದು.

ನಗದನ್ನು ನಿಭಾಯಿಸುವ ನಿಯಮಗಳು ಸರಳ, ಆದರೆ ಕಟ್ಟುನಿಟ್ಟು. ಯಾವ ಪಾವತಿಯೂ ವೋಚರ್ ಇಲ್ಲದೆ ಆಗಬಾರದು. ವೋಚರಿನಲ್ಲಿ ದಿನಾಂಕ, ಮೊತ್ತ, ಕಾರಣ, ಖರ್ಚಿನ ಬಾಬ್ತು, ಮಂಜೂರು ಮಾಡಿದವರ ಸಹಿ, ಹಣ ಪಡೆದವರ ಸಹಿ ಅಥವಾ ಹೆಬ್ಬೆಟ್ಟು ಇರಬೇಕು. ಜೊತೆಗೆ ಅಂಗಡಿಯ ರಸೀದಿಯೂ ಇರಬೇಕು. ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸು ರಸೀದಿ ಕೊಡಲಾರಳು. ಅಂತಹ ಸಂದರ್ಭಕ್ಕೆ ಸಂಸ್ಥೆಗಳು ತಮ್ಮದೇ ರಸೀದಿ ಪುಸ್ತಕವನ್ನು ಮುದ್ರಿಸಿ ಇಟ್ಟುಕೊಳ್ಳುತ್ತವೆ. ದಿನದ ಕೊನೆಗೆ ಪೆಟ್ಟಿಗೆಯಲ್ಲಿರುವ ನೋಟುಗಳನ್ನು ಎಣಿಸಿ ನಗದು ಪುಸ್ತಕದ ಶಿಲ್ಕಿನೊಂದಿಗೆ ತಾಳೆ ನೋಡಬೇಕು. ವಾರಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ ಪೆಟ್ಟಿಗೆ ಕಾಯದ ಮತ್ತೊಬ್ಬರು ಬಂದು ಎಣಿಸಿ ಸಹಿ ಮಾಡಬೇಕು.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಕರ್ತವ್ಯಗಳ ವಿಂಗಡಣೆ. ಬೇಡಿಕೆ ಸಲ್ಲಿಸುವವರು, ಮಂಜೂರು ಮಾಡುವವರು, ಹಣ ಕೊಡುವವರು, ಲೆಕ್ಕ ಬರೆಯುವವರು ಬೇರೆ ಬೇರೆಯಾಗಿರಬೇಕು. ಈ ನಿಯಮ ಕಳ್ಳತನವನ್ನು ತಡೆಯುವುದರ ಜೊತೆಗೆ ಪ್ರಾಮಾಣಿಕ ನೌಕರನನ್ನೂ ರಕ್ಷಿಸುತ್ತದೆ. ಯುದ್ಧಭೂಮಿಯ ಊರಿನಲ್ಲಿ ಕ್ಯಾಷಿಯರ್ ಒಬ್ಬನೇ ಹಣ ಬಿಡುಗಡೆ ಮಾಡಬಲ್ಲ ಎಂಬ ಸುದ್ದಿ ಹಬ್ಬಿದರೆ ಬಂದೂಕು ಹಿಡಿದವರು ಅವನ ಮನೆ ಬಾಗಿಲಿಗೇ ಬರುತ್ತಾರೆ. ತಿಜೋರಿಯ ಎರಡು ಕೀಲಿಗಳು ಎರಡು ಕೈಗಳಲ್ಲಿರುವುದು ಈ ಕಾರಣಕ್ಕೆ. ಹಣ ಸಾಗಿಸುವ ದಿನ, ಹೊತ್ತು, ದಾರಿಗಳನ್ನು ಬದಲಿಸುತ್ತಲೇ ಇರುವುದೂ, ತಿಜೋರಿಯಲ್ಲಿ ಇಡಬಹುದಾದ ಮೊತ್ತಕ್ಕೆ ಮಿತಿ ಹಾಕುವುದೂ ಇದೇ ಕಾರಣಕ್ಕೆ.

ನಗದಿನ ಗಾತ್ರವೂ ಒಂದು ಸಮಸ್ಯೆ. ಸಿಯೆರಾ ಲಿಯೋನ್ ದೇಶದಲ್ಲಿ 2014ರಲ್ಲಿ ಒಂದು ಡಾಲರಿಗೆ 4,000ಕ್ಕೂ ಹೆಚ್ಚು ಲಿಯೋನ್ ಇತ್ತು. ಚಲಾವಣೆಯಲ್ಲಿದ್ದ ಅತಿ ದೊಡ್ಡ ನೋಟು 10,000 ಲಿಯೋನಿನದು, ಅಂದರೆ ಎರಡೂವರೆ ಡಾಲರಿಗಿಂತ ಕಡಿಮೆ ಬೆಲೆಯದು. ಒಬ್ಬರಿಗೆ ಹತ್ತು ಲಕ್ಷ ಲಿಯೋನ್ ಸಂಬಳ ಎಂದಿಟ್ಟುಕೊಂಡರೆ 500 ನೌಕರರ ಸಂಬಳಕ್ಕೆ 50,000 ನೋಟುಗಳು ಬೇಕು, ನೂರರ ಕಟ್ಟುಗಳಲ್ಲಿ 500 ಕಟ್ಟು. ಇಷ್ಟನ್ನು ರಾಜಧಾನಿ ಫ್ರೀಟೌನ್‌ನಿಂದ ಮಳೆಗಾಲದ ಕೆಸರು ದಾರಿಯಲ್ಲಿ ಗಡಿನಾಡಿಗೆ ತಂದು, ಎಣಿಸಿ, ಲಕೋಟೆಗೆ ಹಾಕಿ, ಸಹಿ ಪಡೆದು ಹಂಚಬೇಕಿತ್ತು. ಆ ದೇಶ ತನ್ನ ನಾಣ್ಯದಿಂದ ಮೂರು ಸೊನ್ನೆಗಳನ್ನು ತೆಗೆದದ್ದು 2022ರಲ್ಲಿ.

## ಸಂಬಳ: ಕೆಲಸದ ಹೃದಯಭಾಗ

ಪಶ್ಚಿಮ ಆಫ್ರಿಕಾದ ಎಬೋಲಾ ಪಿಡುಗಿನಲ್ಲಿ 28,600ಕ್ಕೂ ಹೆಚ್ಚು ಜನ ರೋಗಕ್ಕೆ ಸಿಕ್ಕಿ 11,300ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚು ಪೆಟ್ಟು ತಿಂದವು ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳು. ವಿಶ್ವ ಆರೋಗ್ಯ ಸಂಸ್ಥೆ 2014ರ ಆಗಸ್ಟ್ 8ರಂದು ಅದನ್ನು ಅಂತರರಾಷ್ಟ್ರೀಯ ಆರೋಗ್ಯ ತುರ್ತು ಸ್ಥಿತಿ ಎಂದು ಘೋಷಿಸಿತು. ರೋಗಿಯ ಬೆವರು, ವಾಂತಿ, ರಕ್ತಗಳಿಂದ ಹರಡುವ ಈ ರೋಗದಲ್ಲಿ ಸತ್ತವರ ದೇಹವೂ ಅಪಾಯಕಾರಿ. ಆದುದರಿಂದ ಶವಸಂಸ್ಕಾರ ಮಾಡುವವರು, ಕ್ಲೋರಿನ್ ಸಿಂಪಡಿಸುವವರು, ಆಂಬ್ಯುಲೆನ್ಸ್ ಚಾಲಕರು, ಸೋಂಕಿತರ ಸಂಪರ್ಕದಲ್ಲಿದ್ದವರನ್ನು ಹುಡುಕುವವರು, ಹೀಗೆ ಸಾವಿರಾರು ಜನರನ್ನು ತರಾತುರಿಯಲ್ಲಿ ನೇಮಿಸಿಕೊಳ್ಳಬೇಕಾಯಿತು. ಸಿಯೆರಾ ಲಿಯೋನ್ ಒಂದರಲ್ಲೇ ಇವರ ಸಂಖ್ಯೆ ಸುಮಾರು 30,000. ಪ್ರಾಣ ಒತ್ತೆಯಿಟ್ಟು ಮಾಡುವ ಕೆಲಸಕ್ಕೆ ವಾರವಾರವೂ ಅಪಾಯ ಭತ್ಯೆ ಕೊಡುವುದಾಗಿ ಸರ್ಕಾರ ಮಾತು ಕೊಟ್ಟಿತು.

ಆ ಮಾತು ನಡೆಯಲಿಲ್ಲ. ಬೋ ಪಟ್ಟಣದ ಬಳಿಯ ಬಂಡಾಜುಮಾದಲ್ಲಿ ಎಂಎಸ್‌ಎಫ್ ನಡೆಸುತ್ತಿದ್ದ ಚಿಕಿತ್ಸಾ ಕೇಂದ್ರ ಆಗ ದೇಶದ ದಕ್ಷಿಣ ಭಾಗಕ್ಕಿದ್ದ ಏಕೈಕ ಎಬೋಲಾ ಕೇಂದ್ರ. ಸರ್ಕಾರ ಒಪ್ಪಿದ್ದ ಭತ್ಯೆ ಕೈಸೇರಲಿಲ್ಲವೆಂದು 2014ರ ನವೆಂಬರಿನಲ್ಲಿ ಅಲ್ಲಿಯ 400ಕ್ಕೂ ಹೆಚ್ಚು ನೌಕರರು ಕೆಲಸ ನಿಲ್ಲಿಸಿದರು. ಅದೇ ತಿಂಗಳು ಕೆನೆಮಾ ಪಟ್ಟಣದಲ್ಲಿ ಏಳು ವಾರಗಳ ಭತ್ಯೆ ಬಾಕಿಯಿದ್ದ ಶವಸಂಸ್ಕಾರ ತಂಡದವರು ಶವಗಳನ್ನು ಆಸ್ಪತ್ರೆಯ ಮುಂದೆಯೂ ಬೀದಿಯಲ್ಲೂ ಇಟ್ಟು ಪ್ರತಿಭಟಿಸಿದರು. ಸೋಂಕಿನ ಸರಪಳಿಯನ್ನು ಕಡಿಯಬೇಕಾದ ಜಾಗದಲ್ಲೇ ಸೋಂಕು ಬೀದಿಗೆ ಬಂದಿತ್ತು. ಅದಕ್ಕೆ ಕಾರಣ ಔಷಧದ ಕೊರತೆಯೂ ಅಲ್ಲ, ಜ್ಞಾನದ ಕೊರತೆಯೂ ಅಲ್ಲ. ಸಂಬಳ ಹಂಚಿಕೆಯ ವೈಫಲ್ಯ.

ದೇಣಿಗೆಯ ಹಣ ಆಗಲೇ ದೇಶದೊಳಗೆ ಬರತೊಡಗಿತ್ತು. ಹಣವಿದ್ದೂ ಪಾವತಿ ಏಕೆ ನಿಂತಿತು ಎಂಬ ಪ್ರಶ್ನೆಗೆ ಉತ್ತರ ಪಟ್ಟಿಯಲ್ಲಿದೆ. ಯಾರು, ಯಾವ ಊರಿನಲ್ಲಿ, ಯಾವ ಕೆಲಸದಲ್ಲಿ, ಎಂದಿನಿಂದ ಇದ್ದಾರೆ ಎಂಬ ಒಂದೇ ನಂಬಲರ್ಹ ಪಟ್ಟಿ ಇರಲಿಲ್ಲ. ಒಂದೇ ಹೆಸರಿನ ಹಲವರು ಇದ್ದರು. ಒಬ್ಬರೇ ಎರಡು ಪಟ್ಟಿಗಳಲ್ಲಿ ಸೇರುವುದಕ್ಕೂ, ಕೆಲಸಕ್ಕೇ ಬಾರದವರ ಹೆಸರು ನುಸುಳುವುದಕ್ಕೂ ದಾರಿಯಿತ್ತು. ಪಟ್ಟಿ ಅನುಮಾನಾಸ್ಪದವಾದಾಗ ಹಣ ಬಿಡುಗಡೆ ಮಾಡುವವರ ಕೈ ತಡೆಯುತ್ತದೆ, ಆ ತಡದಲ್ಲಿ ನಿಜವಾಗಿ ದುಡಿದವರು ನರಳುತ್ತಾರೆ.

ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಅಲ್ಲಿ ಮೊದಲು ಆದ ಕೆಲಸವೇ ನೋಂದಣಿ. ಪ್ರತಿಯೊಬ್ಬರ ಭಾವಚಿತ್ರ ತೆಗೆದು, ಮುಖ ಗುರುತಿಸುವ ತಂತ್ರಾಂಶದಿಂದ ಪುನರಾವರ್ತನೆಗಳನ್ನು ಪತ್ತೆಹಚ್ಚಿ, ಮೊಬೈಲ್ ಫೋನಿನ ಮೂಲಕ ಭತ್ಯೆ ಕೊಡುವ ವ್ಯವಸ್ಥೆ ಬೆಳೆಯಿತು. ಇದನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟವಾದ ವರದಿಯ ಪ್ರಕಾರ ನಗದಿನ ಕಾಲದಲ್ಲಿ ಸರಾಸರಿ ಒಂದು ತಿಂಗಳಿಗೂ ಹೆಚ್ಚು ಹಿಡಿಯುತ್ತಿದ್ದ ಪಾವತಿ ಸುಮಾರು ಒಂದು ವಾರಕ್ಕೆ ಇಳಿಯಿತು. ಉಳಿತಾಯವಾದ ಮೊತ್ತ 1 ಕೋಟಿ 7 ಲಕ್ಷ ಡಾಲರ್. ಮುಷ್ಕರಗಳೂ ಬಹುಮಟ್ಟಿಗೆ ನಿಂತವು.

ತುರ್ತಿನಲ್ಲಿ ಲೆಕ್ಕ ಕೇಳುವುದು ಕೆಲಸವನ್ನು ನಿಧಾನಗೊಳಿಸುತ್ತದೆ ಎಂಬ ನಂಬಿಕೆ ಪರಿಹಾರ ಕಾರ್ಯದಲ್ಲಿ ಬಲವಾಗಿದೆ. ಸಿಯೆರಾ ಲಿಯೋನಿನ ಅನುಭವ ಇದಕ್ಕೆ ವಿರುದ್ಧವಾದುದನ್ನು ಹೇಳುತ್ತದೆ. ಪಟ್ಟಿ ಶುದ್ಧವಾದ ಮೇಲೆಯೇ ಪಾವತಿಗೆ ವೇಗ ಬಂದಿತು.

ಸಂಬಳದ ದಿನಕ್ಕೆ ಮುನ್ನ ಸಹಾಯಕರು ಮಾಡುವ ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ವಾರ್ಡುಗಳ ಪಾಳಿ ಪಟ್ಟಿಯನ್ನು ಹಾಜರಿಯೊಂದಿಗೆ ಹೋಲಿಸಬೇಕು. ರಾತ್ರಿ ಪಾಳಿ, ಹೆಚ್ಚುವರಿ ಗಂಟೆ, ಹೆರಿಗೆ ರಜೆ, ಕಾಯಿಲೆ ರಜೆಗಳನ್ನು ಆಯಾ ದೇಶದ ಕಾರ್ಮಿಕ ಕಾನೂನಿನಂತೆ ಲೆಕ್ಕ ಹಾಕಬೇಕು. ಆದಾಯ ತೆರಿಗೆ ಮತ್ತು ಸಾಮಾಜಿಕ ಭದ್ರತೆಯ ವಂತಿಗೆಯನ್ನು ಕಡಿತ ಮಾಡಿ ಸರ್ಕಾರಕ್ಕೆ ಕಟ್ಟಬೇಕು. ಕೆಲಸದಲ್ಲಿ ಸೋಂಕು ತಗುಲಿದವರ ವಿಮೆಯ ಕಾಗದಗಳನ್ನೂ, ಸತ್ತವರ ಕುಟುಂಬಕ್ಕೆ ಸಲ್ಲಬೇಕಾದ ಪರಿಹಾರವನ್ನೂ ಸಿದ್ಧಪಡಿಸುವುದು ಇವರೇ. ನೇಮಕಪತ್ರದಲ್ಲಿ ವಾರಸುದಾರರ ಹೆಸರು ಖಾಲಿ ಬಿಟ್ಟಿದ್ದರೆ ಆ ಕುಟುಂಬ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಒಂದು ಸಾಲು ತುಂಬಿಸಿಕೊಳ್ಳುವ ಆ ಎಚ್ಚರಕ್ಕೆ ಬಹಳ ಬೆಲೆಯಿದೆ.

## ಖರೀದಿ ಮತ್ತು ಮೋಸದ ದಾರಿಗಳು

ಔಷಧಗಳನ್ನು ದೊಡ್ಡ ಸಂಸ್ಥೆಗಳು ಸಾಮಾನ್ಯವಾಗಿ ಗುಣಮಟ್ಟ ಪರೀಕ್ಷಿಸಿದ ತಮ್ಮದೇ ಕೇಂದ್ರಗಳಿಂದ ತರಿಸುತ್ತವೆ. ಇಂಧನ, ಆಹಾರ, ಕಟ್ಟಡ ಸಾಮಗ್ರಿ, ಬಾಡಿಗೆ ವಾಹನಗಳನ್ನು ಸ್ಥಳೀಯವಾಗಿ ಕೊಳ್ಳುತ್ತವೆ. ನಿಗದಿತ ಮೊತ್ತವನ್ನು ಮೀರಿದ ಖರೀದಿಗೆ ಕನಿಷ್ಠ ಮೂರು ಕೊಟೇಶನ್ ಬೇಕೆಂಬುದು ಸಾಮಾನ್ಯ ಪದ್ಧತಿ. ಬೇಡಿಕೆ ಪತ್ರ, ಖರೀದಿ ಆದೇಶ, ಸರಕು ಬಂದದ್ದಕ್ಕೆ ಉಗ್ರಾಣದ ರಸೀದಿ, ಮಾರಿದವರ ಬಿಲ್ಲು, ಈ ನಾಲ್ಕೂ ಒಂದಕ್ಕೊಂದು ಹೊಂದಿದರೆ ಮಾತ್ರ ಪಾವತಿ. ಮೂರು ಕೊಟೇಶನ್‌ಗಳೂ ಒಂದೇ ಕೈಬರಹದಲ್ಲಿರುವುದನ್ನು, ಒಂದೇ ತಪ್ಪು ಕಾಗುಣಿತ ಮೂರರಲ್ಲೂ ಮರುಕಳಿಸುವುದನ್ನು ಗಮನಿಸುವ ಸಹಾಯಕರು ಸಂಸ್ಥೆಯ ಆಸ್ತಿ.

ಈ ತಡೆಗಳು ಸಡಿಲವಾದರೆ ಆಗುವುದೇನೆಂಬುದಕ್ಕೂ ಎಬೋಲಾ ಕಾಲವೇ ಉದಾಹರಣೆ. ಸಿಯೆರಾ ಲಿಯೋನಿನ ಲೆಕ್ಕ ಪರಿಶೋಧನಾ ಇಲಾಖೆ 2014ರ ಮೇಯಿಂದ ಅಕ್ಟೋಬರ್‌ವರೆಗಿನ ಲೆಕ್ಕವನ್ನು ಪರಿಶೀಲಿಸಿ, ಎಬೋಲಾ ನಿಧಿಯ ಸುಮಾರು ಮೂರನೇ ಒಂದು ಭಾಗಕ್ಕೆ ಸರಿಯಾದ ರಸೀದಿ, ಬಿಲ್ಲುಗಳಿಲ್ಲವೆಂದು 2015ರಲ್ಲಿ ವರದಿ ಮಾಡಿತು. ರೆಡ್‌ಕ್ರಾಸ್ ಮತ್ತು ರೆಡ್‌ಕ್ರೆಸೆಂಟ್ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ ತನ್ನ ಎಬೋಲಾ ಕಾರ್ಯಾಚರಣೆಯಲ್ಲಿ ಸುಮಾರು 60 ಲಕ್ಷ ಡಾಲರ್ ಮೋಸಕ್ಕೆ ಸಿಕ್ಕಿತೆಂದು 2017ರಲ್ಲಿ ತಾನೇ ಪ್ರಕಟಿಸಿತು. ಸಿಯೆರಾ ಲಿಯೋನಿನಲ್ಲಿ ಆಗಿನ ಕೆಲವು ನೌಕರರು ವಿದೇಶಿ ವಿನಿಮಯದಲ್ಲಿ ಬ್ಯಾಂಕ್ ನೌಕರರೊಂದಿಗೆ ಕೈಜೋಡಿಸಿದ್ದರಿಂದ ಹೋದದ್ದು 20 ಲಕ್ಷ ಡಾಲರಿಗೂ ಹೆಚ್ಚು. ಲೈಬೀರಿಯಾದಲ್ಲಿ ಸಾಮಗ್ರಿಗಳ ಬೆಲೆ, ಸಂಬಳ ಮತ್ತು ಸ್ವಯಂಸೇವಕರ ಭತ್ಯೆಗಳನ್ನು ಉಬ್ಬಿಸಿ ತೋರಿಸಿದ್ದರಿಂದ ಸುಮಾರು 27 ಲಕ್ಷ. ಗಿನಿಯಲ್ಲಿ ಸುಂಕದ ಕೆಲಸಕ್ಕೆ ಹೆಚ್ಚಿನ ಬಿಲ್ಲು ಸಲ್ಲಿಸಿದ್ದರಿಂದ ಉಳಿದದ್ದು.

ಮೋಸ ನುಸುಳಿದ ಜಾಗಗಳನ್ನು ಗಮನಿಸಬೇಕು: ವಿದೇಶಿ ವಿನಿಮಯ, ಸಂಬಳದ ಪಟ್ಟಿ, ಖರೀದಿ ಬೆಲೆ, ಸುಂಕದ ಬಿಲ್ಲು. ಇವು ನಾಲ್ಕೂ ಸಹಾಯಕರ ಮೇಜಿನ ಮೇಲೆ ದಿನವೂ ಹಾಯುವ ಕಾಗದಗಳು. ಬಳಿಕ ಆ ಒಕ್ಕೂಟ ಅಪಾಯದ ಪ್ರದೇಶಗಳಲ್ಲಿ ನಗದು ಖರ್ಚಿಗೆ ಮಿತಿ ಹಾಕಿತು. ತುರ್ತು ತಂಡಗಳ ಜೊತೆಯಲ್ಲೇ ಲೆಕ್ಕ ಪರಿಶೋಧಕರನ್ನು ಕಳುಹಿಸುವ ಕ್ರಮವನ್ನೂ ಪ್ರಕಟಿಸಿತು. ತನ್ನ ಮನೆಯ ಕಳವನ್ನು ತಾನೇ ಬಯಲಿಗೆ ತಂದ ಆ ನಡೆ ಗೌರವಕ್ಕೆ ಅರ್ಹ, ಏಕೆಂದರೆ ಮುಚ್ಚಿಟ್ಟ ಕಳವಿನಿಂದ ಯಾರೂ ಪಾಠ ಕಲಿಯಲಾರರು.

## ಬ್ಯಾಂಕು ನಿಂತುಹೋದ ದೇಶದಲ್ಲಿ

ಕಾಬೂಲ್ 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕೈಸೇರಿದಾಗ ಅಫ್ಘಾನಿಸ್ತಾನದ ಕೇಂದ್ರ ಬ್ಯಾಂಕು ಅಮೆರಿಕದಲ್ಲಿ ಇಟ್ಟಿದ್ದ ಸುಮಾರು 700 ಕೋಟಿ ಡಾಲರ್ ಸ್ತಂಭನಗೊಂಡಿತು. ವಿದೇಶಿ ನೆರವಿನಿಂದ ನಡೆಯುತ್ತಿದ್ದ ಸಾವಿರಾರು ಆರೋಗ್ಯ ಕೇಂದ್ರಗಳ ನೌಕರರಿಗೆ ಸಂಬಳ ನಿಂತಿತು. ವೈದ್ಯರಿದ್ದರು, ಕಟ್ಟಡಗಳಿದ್ದವು, ಸಂಬಳ ತಲುಪಿಸುವ ದಾರಿ ಇರಲಿಲ್ಲ. ಆಗ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ ಸರ್ಕಾರಿ ಆಸ್ಪತ್ರೆಗಳ ನೌಕರರ ಸಂಬಳ, ಇಂಧನ, ಔಷಧ, ಆಹಾರದ ಖರ್ಚನ್ನು ವಹಿಸಿಕೊಂಡಿತು. ಆ ಕಾರ್ಯಕ್ರಮ ಬೆಳೆದು 33 ಆಸ್ಪತ್ರೆಗಳಿಗೂ ಹತ್ತು ಸಾವಿರಕ್ಕೂ ಹೆಚ್ಚು ನೌಕರರಿಗೂ ಆಸರೆಯಾಗಿ 2023ರವರೆಗೆ ನಡೆಯಿತು. ವಿಶ್ವಸಂಸ್ಥೆಯಂತೂ ಡಾಲರ್ ನೋಟುಗಳನ್ನೇ ವಿಮಾನದಲ್ಲಿ ಕಾಬೂಲಿಗೆ ತರಬೇಕಾಯಿತು.

ಇಂತಹ ದೇಶಗಳಲ್ಲಿ ಹವಾಲಾ ಪದ್ಧತಿಯೂ ಬಳಕೆಯಲ್ಲಿದೆ. ಒಂದು ಊರಿನಲ್ಲಿ ಹಣದ ವರ್ತಕನಿಗೆ ಕೊಟ್ಟ ಮೊತ್ತವನ್ನು ಇನ್ನೊಂದು ಊರಿನಲ್ಲಿರುವ ಅವನ ಪಾಲುದಾರ ಪಾವತಿಸುತ್ತಾನೆ. ಇಬ್ಬರೂ ತಮ್ಮ ಲೆಕ್ಕವನ್ನು ಆಮೇಲೆ ಹೊಂದಿಸಿಕೊಳ್ಳುತ್ತಾರೆ. ಭಾರತದಲ್ಲಿ ಇದು ಕಾನೂನುಬಾಹಿರ. ಅಫ್ಘಾನಿಸ್ತಾನದಲ್ಲಿ ಕೇಂದ್ರ ಬ್ಯಾಂಕಿನಿಂದ ಪರವಾನಗಿ ಪಡೆದ ವರ್ತಕರಿದ್ದಾರೆ. ಅವರ ಮೂಲಕ ಹಣ ತರಿಸುವ ಸಂಸ್ಥೆ ವರ್ತಕನ ಪರವಾನಗಿ, ಕಮಿಷನ್ನಿನ ದರ, ಆ ದಿನದ ವಿನಿಮಯ ದರಗಳ ಲಿಖಿತ ದಾಖಲೆ ಇಡಬೇಕು. ನಿರ್ಬಂಧಿತರ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅವನ ಹೆಸರಿಲ್ಲವೆಂದು ಪರಿಶೀಲಿಸಬೇಕು.

## ಬಜೆಟ್ ಮತ್ತು ತಿಂಗಳ ಕೊನೆಯ ಲೆಕ್ಕ

ಯೋಜನೆಯ ವಾರ್ಷಿಕ ಬಜೆಟ್ ಚಿಕಿತ್ಸಾ ಗುರಿಯಿಂದ ಹುಟ್ಟುತ್ತದೆ. ಎಷ್ಟು ಹಾಸಿಗೆ ಎಂಬುದು ತೀರ್ಮಾನವಾದರೆ ಎಷ್ಟು ದಾದಿಯರು, ಎಷ್ಟು ಊಟ, ಎಷ್ಟು ಇಂಧನ ಎಂಬುದು ತಾನಾಗಿ ಬರುತ್ತದೆ. ತಿಂಗಳ ಕೊನೆಗೆ ನಗದು, ಬ್ಯಾಂಕು, ಮುಂಗಡಗಳ ಲೆಕ್ಕವನ್ನು ಮುಚ್ಚಿ, ವೋಚರುಗಳನ್ನು ಕ್ರಮಸಂಖ್ಯೆಯಲ್ಲಿ ಜೋಡಿಸಿ, ನಕಲು ತೆಗೆದು ರಾಜಧಾನಿಯ ಕಚೇರಿಗೆ ಕಳುಹಿಸಲಾಗುತ್ತದೆ. ಬಜೆಟ್ಟಿಗೂ ವೆಚ್ಚಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುವ ಟಿಪ್ಪಣಿ ಜೊತೆಗಿರುತ್ತದೆ. ಡೀಸೆಲ್ ಖರ್ಚು ಇದ್ದಕ್ಕಿದ್ದಂತೆ ಏರಿದರೆ ಬೆಲೆ ಏರಿರಬಹುದು, ವಿದ್ಯುತ್ ಕಡಿತ ಹೆಚ್ಚಿರಬಹುದು, ಡ್ರಮ್ಮಿನಿಂದ ಎಣ್ಣೆ ಕಳವಾಗುತ್ತಿರಬಹುದು. ಸಂಖ್ಯೆ ಪ್ರಶ್ನೆಯನ್ನು ಎತ್ತುತ್ತದೆ, ಉತ್ತರಕ್ಕೆ ಜನರೇಟರಿನ ಹತ್ತಿರವೇ ಹೋಗಬೇಕು.

ಪರಿಹಾರ ಸಂಸ್ಥೆಗಳು ಒಪ್ಪಿಕೊಂಡು 2014ರಲ್ಲಿ ಹೊರತಂದ ಮಾನವೀಯ ಕಾರ್ಯದ ಮೂಲ ಮಾನದಂಡದಲ್ಲಿ ಒಂಬತ್ತು ವಚನಗಳಿವೆ. ಸಂಪನ್ಮೂಲಗಳನ್ನು ಉದ್ದೇಶಿತ ಕಾರ್ಯಕ್ಕೇ ಹೊಣೆಗಾರಿಕೆಯಿಂದ ಬಳಸುವುದು ಅವುಗಳಲ್ಲಿ ಒಂಬತ್ತನೆಯದು.

## ಭಾರತದ ಕಾನೂನಿನಲ್ಲಿ

ವಿದೇಶಿ ದೇಣಿಗೆ ಪಡೆಯುವ ಕರ್ನಾಟಕದ ಆರೋಗ್ಯ ಸಂಸ್ಥೆಗಳಿಗೂ ಈ ಕೆಲಸ ಹೊಸದಲ್ಲ. ಅವು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ ಒಳಪಟ್ಟಿವೆ. 2020ರ ತಿದ್ದುಪಡಿಯ ನಂತರ ವಿದೇಶಿ ಹಣ ಮೊದಲು ನವದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇಕಡ 50ರಿಂದ 20ಕ್ಕೆ ಇಳಿಯಿತು.

ಯಾವುದು ಆಡಳಿತ ವೆಚ್ಚ ಎಂಬುದನ್ನು ನಿಯಮಗಳು ವಿವರಿಸುತ್ತವೆ. ಆಸ್ಪತ್ರೆಯ ವೈದ್ಯರ ಸಂಬಳ ಅದರಲ್ಲಿ ಸೇರುವುದಿಲ್ಲ. ಲೆಕ್ಕಪತ್ರ ಇಡುವ ಖರ್ಚು ಸೇರುತ್ತದೆ. ಆಡಂಬರದ ಕಚೇರಿಗಳಿಗೆ ಕಡಿವಾಣ ಬೇಕೆಂಬ ಉದ್ದೇಶ ಸರಿಯಾದದ್ದೇ. ಆದರೆ ಹಳ್ಳಿಗಾಡಿನ ಸಣ್ಣ ಸಂಸ್ಥೆಯೊಂದು ಮಿತಿಗೆ ಹೆದರಿ ಅರ್ಹ ಲೆಕ್ಕಿಗನನ್ನು ಇಟ್ಟುಕೊಳ್ಳದಿದ್ದರೆ ಹಣದ ಕಾವಲೇ ದುರ್ಬಲವಾಗುತ್ತದೆ. ಎಬೋಲಾ ಕಾಲದ ಕಳವುಗಳನ್ನು ನೆನೆದರೆ, ಲೆಕ್ಕಿಗನ ಸಂಬಳವನ್ನು ಹಣ ಉಳಿಸುವ ವೆಚ್ಚವೆಂದೇ ಎಣಿಸಬೇಕು.

## ಯಾರು ಮಾಡಬಹುದು?

ಎಂಎಸ್‌ಎಫ್‌ನಂತಹ ಸಂಸ್ಥೆಗಳಲ್ಲಿ ಬಹುಪಾಲು ನೌಕರರು ಆಯಾ ದೇಶದವರೇ. ಹಣಕಾಸು ಸಹಾಯಕರು ಸಾಮಾನ್ಯವಾಗಿ ಸ್ಥಳೀಯರಾಗಿರುತ್ತಾರೆ. ಊರಿನ ಬೆಲೆ, ಭಾಷೆ, ವ್ಯಾಪಾರಿಗಳ ಪರಿಚಯ ಈ ಕೆಲಸಕ್ಕೆ ಅಗತ್ಯ. ಅದೇ ಕಾರಣದಿಂದ ನೆಂಟರಿಷ್ಟರ ಒತ್ತಡವೂ ಅವರ ಮೇಲೆ ಹೆಚ್ಚು. ಸಂಬಂಧಿಯೊಬ್ಬ ಕೊಟೇಶನ್ ಹಾಕಿದ್ದರೆ ಅದನ್ನು ಮೊದಲೇ ಲಿಖಿತವಾಗಿ ತಿಳಿಸಿ ಆ ಖರೀದಿಯಿಂದ ದೂರ ಸರಿಯಬೇಕೆಂಬ ನಿಯಮ ಇದಕ್ಕಾಗಿ ಇದೆ.

ವಾಣಿಜ್ಯ ಪದವಿ ಮುಗಿಸಿದ ಕನ್ನಡದ ತರುಣ ತರುಣಿಯರಿಗೂ ಈ ದಾರಿ ತೆರೆದಿದೆ. ಜಮಾ-ಖರ್ಚಿನ ದ್ವಿನಮೂದು ಪದ್ಧತಿ, ಎಕ್ಸೆಲ್, ಭವಿಷ್ಯನಿಧಿ ಮತ್ತು ಮೂಲದಲ್ಲಿ ತೆರಿಗೆ ಕಡಿತದ ನಿಯಮಗಳು, ಇಂಗ್ಲಿಷಿನಲ್ಲಿ ಸ್ಪಷ್ಟವಾದ ಟಿಪ್ಪಣಿ ಬರೆಯುವ ಅಭ್ಯಾಸ ಬೇಕು. ಹೊರದೇಶಕ್ಕೆ ಹೋಗುವ ಆಸೆಯಿದ್ದರೆ ಫ್ರೆಂಚ್ ಅಥವಾ ಅರಬ್ಬಿಯನ್ನು ಈಗಲೇ ಕಲಿಯತೊಡಗುವುದು ಒಳ್ಳೆಯದು. ಕಾಂಗೋ, ಚಾಡ್, ಸುಡಾನ್, ಯೆಮನ್ ದೇಶಗಳ ಯೋಜನೆಗಳಲ್ಲಿ ಆ ಎರಡು ಭಾಷೆಗಳೇ ನಡೆಯುತ್ತವೆ.